ತಾಡಪಾಲು ಹೊದಿಸಿದ ಪೆಟ್ಟಿಗೆ

ಹೊನ್ನಾವರದ ಹೊರಗೆ ಗುಡ್ಡ ಹತ್ತುವ ದಾರಿಯಲ್ಲಿ ಕಡೆಯ ಮನೆ ನಮ್ಮದು. ಅದಕ್ಕೇ ಕೀಲಿಕೈ ನಮ್ಮ ಬಾಗಿಲ ಹಿಂದೆ ನೇತಾಡುತ್ತಿತ್ತು. ಬೇರೆ ಯಾವ ಯೋಗ್ಯತೆಯೂ ನನಗಿಲ್ಲ. ನಾನು ಕಲಿತದ್ದು ಮೂರನೇ ಇಯತ್ತೆ.

ಕೀಲಿಕೈ ಗುಡ್ಡದ ತಲೆಯ ಮೇಲಿನ ಸಿಮೆಂಟ್ ಕೋಣೆಯದು. ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಕೆಲವರು ಸೇರಿ ಹವ್ಯಾಸಿ ರೇಡಿಯೋ ಸಂಘ ಮಾಡಿಕೊಂಡಿದ್ದಾರೆ. ಪರೀಕ್ಷೆ ಬರೆದು, ಸರಕಾರದ ಲೈಸೆನ್ಸ್ ತೆಗೆದುಕೊಂಡು, ಕೈಯಲ್ಲಿ ಹಿಡಿಯುವ ಸೆಟ್ಟಿನಲ್ಲಿ ಒಬ್ಬರಿಗೊಬ್ಬರು ಮಾತಾಡುವುದು ಅವರ ಹುಚ್ಚು. ಆ ಸೆಟ್ಟಿನ ದನಿ ಗುಡ್ಡ ದಾಟುವುದಿಲ್ಲ. ಅದಕ್ಕೆ ಮೇಲೆ ರಿಪೀಟರ್ ಎನ್ನುವ ಪೆಟ್ಟಿಗೆ ಇಟ್ಟಿದ್ದಾರೆ. ಭಟ್ಕಳದ ಹತ್ತಿರ ಹೆಬಳೆಯಲ್ಲಿ ಒಬ್ಬ ಹೇಳಿದ್ದನ್ನು ಅದು ಕೇಳಿಸಿಕೊಂಡು ಅದೇ ಕ್ಷಣ ಜೋರಾಗಿ ತಿರುಗಿ ಹೇಳುತ್ತದೆ, ಕುಮಟಾದವನಿಗೆ ಮುಟ್ಟುತ್ತದೆ. ಮಿರ್ಜಾನದವರಿಗೆ ಮಾತ್ರ ಅಂಗಳದಲ್ಲಿ ನಿಂತರೆ ಕೇಳುವುದಿಲ್ಲ, ತಾರಸಿ ಹತ್ತಬೇಕು. ನನಗೆ ಇಷ್ಟು ಗೊತ್ತು. ಹೆಚ್ಚು ತಿಳಿದವರೂ ಇದನ್ನೇ ಹತ್ತು ಸಲ ಹೇಳುತ್ತಾರೆ.

ನನ್ನ ಗಂಡ ಕರೆಂಟಿನ ಲೈನ್‌ಮನ್ ಆಗಿದ್ದವರು. ಪೆಟ್ಟಿಗೆ ನೋಡಿಕೊಳ್ಳುತ್ತೇನೆಂದು ಒಪ್ಪಿಕೊಂಡವರು ಅವರು. ಅವರು ತೀರಿಹೋದರು, ಕೀಲಿಕೈಯನ್ನು ಯಾರೂ ವಾಪಸ್ ಕೇಳಲಿಲ್ಲ. ಬ್ಯಾಟರಿಗೆ ನೀರು ಹಾಕುವುದು, ಇಲಿ ತಂತಿ ಕಡಿದಿದೆಯೋ ನೋಡುವುದು, ಕಂಬದ ಬುಡದ ಹುಲ್ಲು ಕೊಯ್ಯುವುದು ನನ್ನ ಪಾಲಿಗೆ ಬಂತು. ಮಂಡಿ ಎರಡೂ ಹಾಳಾದ ಮೇಲೆ ಸಂಘದ ಅಧ್ಯಕ್ಷರಿಗೆ ಹೇಳಿದೆ, ಬೇರೆ ಯಾರಿಗಾದರೂ ಕೊಡಿ ಎಂದು. “ನೋಡುವ, ಅಮ್ಮ” ಎಂದರು. ಅವರು ಪೋಸ್ಟ್ ಮಾಸ್ತರರಾಗಿ ನಿವೃತ್ತರಾದವರು. ನೋಡುತ್ತಲೇ ಇದ್ದರು.

ಪೆಟ್ಟಿಗೆ ಬದುಕಿದೆಯೋ ಇಲ್ಲವೋ ತಿಳಿಯಲೆಂದು ನನಗೂ ಒಂದು ಸೆಟ್ ಕೊಟ್ಟಿದ್ದರು. ಹತ್ತು ನಿಮಿಷಕ್ಕೊಮ್ಮೆ ರಿಪೀಟರ್ ತನ್ನ ಹೆಸರನ್ನು ತಾನೇ ಕುಂಯ್ ಕುಂಯ್ ಎಂದು ಹೇಳಿಕೊಳ್ಳುತ್ತದೆ. ಅದು ಕೇಳಿದರೆ ಆತು. ಲೈಸೆನ್ಸ್ ಇಲ್ಲದವರು ಮಾತಾಡುವ ಹಾಗಿಲ್ಲ, ಅದಕ್ಕೆ ಮಾತಾಡುವ ಗುಂಡಿಯ ಮೇಲೆ ಅಧ್ಯಕ್ಷರೇ ಕೈಯಾರೆ ಟೇಪ್ ಸುತ್ತಿದ್ದರು.

ದೊಡ್ಡ ನೆರೆ ಬಂದ ವರ್ಷ ಮಳೆಗಾಲಕ್ಕೆ ಮುಂಚೆ ಮೇಲೆ ಹೋದಾಗ ಗಾಳಿಕಿಂಡಿಯಿಂದ ಹಿಂದಿನ ಮಳೆಗಾಲದ ಎರಚಲು ಹೊಡೆದ ಪೆಟ್ಟಿಗೆಯ ಮೈಮೇಲೆ ಹಳೆಯ ನೀರಿನ ಕಲೆ ಕಂಡಿತು. ನಮ್ಮ ಕಡೆ ಮೇ ತಿಂಗಳು ಮುಗಿಯುವುದರೊಳಗೆ ಎಲ್ಲದಕ್ಕೂ ತಾಡಪಾಲು ಬೀಳುತ್ತದೆ. ಕಟ್ಟಿಗೆ ರಾಶಿಗೆ, ದಂಡೆಗೆ ಎಳೆದ ದೋಣಿಗೆ, ಬಚ್ಚಲಿನ ಗೋಡೆಗೆ. ನಾನೂ ಒಂದು ನೀಲಿ ತಾಡಪಾಲು ಒಯ್ದು ಪೆಟ್ಟಿಗೆಗೆ ಎರಡು ಸುತ್ತು ಹೊದಿಸಿ, ಸುಂಬಿನ ಹಗ್ಗದಿಂದ ಬಿಗಿಯಾಗಿ ಕಟ್ಟಿ ಬಂದೆ. ಯಾರನ್ನೂ ಕೇಳಲಿಲ್ಲ. ಎರಡು ತಿಂಗಳು ಅದರಿಂದ ತೊಂದರೆಯೂ ಆಗಲಿಲ್ಲ. ಭಾನುವಾರ ಬೆಳಿಗ್ಗೆ ಸಂಘದವರು ಸೆಟ್ಟಿನಲ್ಲಿ ಅರ್ಧ ತಾಸು ಹಾಜರಿ ಕರೆಯುತ್ತಾರೆ, ಮಳೆ ಎಷ್ಟು, ಮೀನು ಯಾವುದು ಎಂದು ಹರಟುತ್ತಾರೆ, ಮುಗಿಯಿತು.

ಆಮೇಲೆ ಶರಾವತಿಗೆ ನೀರು ಬಂತು. ಅಣೆಕಟ್ಟಿನ ಬಾಗಿಲು ತೆಗೆದಿದ್ದರು. ಕರೆಂಟ್ ಇಲ್ಲ, ಮೊಬೈಲೂ ಸತ್ತಿತ್ತು. ನನ್ನ ತಂಗಿ ಇರುವುದು ಹೊಳೆಯ ಬಾಯಿಯ ಮಾವಿನಕುರ್ವೆ ನಡುಗಡ್ಡೆಯಲ್ಲಿ. ಅವಳಿಗೆ ಸಕ್ಕರೆ ಕಾಯಿಲೆ, ದಿನಾ ಇಂಜೆಕ್ಷನ್ ಬೇಕು. ಹಿಂದಿನ ವಾರ ಬಂದಾಗ, ಐದು ದಿನಕ್ಕಾಗುವಷ್ಟೇ ಉಳಿದಿದೆ, ಮುಂದಿನ ಸಲ ಪೇಟೆಗೆ ಬಂದಾಗ ತಕೊಳ್ತೆ ಎಂದಿದ್ದಳು. ಲೆಕ್ಕ ಹಾಕಿದರೆ ಅದು ಮುಗಿದು ಒಂದು ದಿನ ದಾಟಿತ್ತು.

ಕುರ್ವೆಯ ಶಾಲೆ ಮಾಸ್ತರರು ಸಂಘದವರೇ. ಬೆಳಗಿನಿಂದ ಸೆಟ್ಟಿನಲ್ಲಿ ಅವರದೇ ದನಿ. ಎಷ್ಟು ಮನೆಗೆ ನೀರು, ಎಷ್ಟು ಜನರಿಗೆ ದೋಣಿ ಬೇಕು. ಕುಮಟಾದವರು ಕೇಳುತ್ತಿದ್ದರು, ಭಟ್ಕಳದವರು ಕೇಳುತ್ತಿದ್ದರು, ಪೆಟ್ಟಿಗೆಗೆ ಒಂದು ನಿಮಿಷ ಬಿಡುವಿಲ್ಲ. ಹನ್ನೊಂದರ ಸುಮಾರಿಗೆ ಮಾಸ್ತರರು, “ಮೊದಲ ದೋಣಿ ಹತ್ತಿದವ್ರ ಹೆಸರು ಓದ್ತೆ, ಕಾಳಜಿ ಕೇಂದ್ರದವ್ರು ಬರ್ಕಳಿ” ಎಂದರು. ನಾನು ಸೆಟ್ ಕಿವಿಗೆ ಒತ್ತಿ ಹಿಡಿದೆ. ಮೂರು ಹೆಸರು ಓದಿದರು. ನಾಲ್ಕನೆಯದು ಅರ್ಧಕ್ಕೇ ನಿಂತಿತು. ಆಮೇಲೆ ಏನೂ ಇಲ್ಲ. ಹತ್ತು ನಿಮಿಷ ಕಾದೆ. ಕುಂಯ್ ಎನ್ನುವುದೂ ಇಲ್ಲ.

ಕೊಡೆ, ಕೀಲಿಕೈ, ಸೆಟ್ ತೆಗೆದುಕೊಂಡು ಹತ್ತಿದೆ. ಹತ್ತು ಹೆಜ್ಜೆಗೊಮ್ಮೆ ನಿಂತು, ಗಂಡನಿಗೆ, ಅಧ್ಯಕ್ಷರಿಗೆ, ಪೇಟೆಗೆ ಹೋಗಲು ಸೋಮಾರಿತನ ಮಾಡಿದ ತಂಗಿಗೆ, ಎಲ್ಲರಿಗೂ ಬೈದೆ. ಕೋಣೆಯ ಬಾಗಿಲು ತೆಗೆದರೆ ಸುಟ್ಟ ವಾಸನೆ. ತಾಡಪಾಲಿನ ಮೇಲೆ ಕೈ ಇಟ್ಟೆ, ದೋಸೆ ಕಾವಲಿಯ ಹಾಗೆ ಬಿಸಿ. ಆಗ ತಿಳಿಯಿತು. ಭಾನುವಾರದ ಹರಟೆಗೆ ಅದು ಬಿಸಿಯಾಗುತ್ತಿರಲಿಲ್ಲ, ಇವತ್ತು ಬೆಳಗಿನಿಂದ ಬಾಯಿ ಮುಚ್ಚದೆ ಮಾತಾಡಿ ಕಾದು ಹೋಗಿತ್ತು. ಪೆಟ್ಟಿಗೆಯೊಳಗಿನ ಫ್ಯಾನಿಗೆ ಗಾಳಿ ಹೋಗುವ ತೂತುಗಳನ್ನು ನಾನೇ ಬಿಗಿದು ಕಟ್ಟಿದ್ದೆ.

ಹಗ್ಗದ ಗಂಟು ಮಳೆ ಹವೆಗೆ ಬಿಗಿದುಕೊಂಡಿತ್ತು. ಹಲ್ಲಿನಿಂದ ಎಳೆದೆ. ತಾಡಪಾಲು ಕಿತ್ತೆಸೆದು ಸೆರಗಿನಿಂದ ಗಾಳಿ ಹಾಕುತ್ತ ಕೂತೆ. ಕೈ ಇಡುವಷ್ಟು ತಣ್ಣಗಾದ ಮೇಲೆ ಗಂಡ ತೋರಿಸಿಕೊಟ್ಟಿದ್ದ ಸ್ವಿಚ್ ಕೆಳಗೆ ಮಾಡಿ ಮೇಲೆ ಮಾಡಿದೆ. ಕೆಂಪು ದೀಪ ಬಂತು, ಹಸಿರಾಯಿತು. ಕುಂಯ್ ಕುಂಯ್.

ಆದರೆ ಹೆಸರು ಓದಿ ಮುಗಿದಿತ್ತು. ಮಾಸ್ತರರು ಎಲ್ಲರಿಗೂ ಕೇಳಿತೆಂದುಕೊಂಡು ಯಾರಿಗೂ ಕೇಳದ ಪಟ್ಟಿಯನ್ನು ಕಡೆಯವರೆಗೆ ಓದಿದ್ದರು. ಈಗ ಕುಡಿಯುವ ನೀರಿನ ಮಾತು ನಡೆದಿತ್ತು. ಟೇಪನ್ನು ಉಗುರಿನಿಂದ ಕೆರೆದು ತೆಗೆದೆ. ಗುಂಡಿ ಒತ್ತಿದೆ.

“ಮಾಸ್ತ್ರೇ, ನನ್ನ ತಂಗಿ ದೋಣಿ ಹತ್ತಿದ್ಲಾ?”

ಕುಮಟಾದಿಂದ ಒಂದು ದನಿ, “ಯಾರು ಮಾತಾಡೂದು? ನಿಮ್ಮ ಲೈಸೆನ್ಸಿನ ಕರೆ ಹೆಸರು ಹೇಳಿ.”

“ಕರೆ ಹೆಸರೂ ಇಲ್ಲ, ಲೈಸೆನ್ಸೂ ಇಲ್ಲ. ಕೀಲಿಕೈ ಇಟ್ಕಂಡವಳು ನಾನು. ಬೈಯೂದಿದ್ರೆ ನಾಳೆ ಬೈರಿ.”

ಮಾಸ್ತರರು ದನಿ ಗುರುತು ಹಿಡಿದರು. “ಇಲ್ಲ ಅಮ್ಮ, ಹತ್ಲಿಲ್ಲ. ಅಟ್ಟದ ಮೇಲೆ ಕೂತಿದ್ರು. ಕೋಳಿ ಬಿಟ್ಟಿಕ್ಕಿ ಬರೂದಿಲ್ಲ ಅಂದ್ರು.”

“ಇಂಜೆಕ್ಷನ್ ಮುಗ್ದಿದೆ ಅವಳಿಗೆ. ನಿಮ್ಗೆ ಹೇಳಿದ್ಲಾ?”

“ಇಲ್ಲವಲ್ಲ!”

“ಹೇಳೂದಿಲ್ಲ ಅದು. ಕೋಳಿ ಸಮೇತ ಹೊತ್ತು ಹಾಕಿ. ಬರೂದಿಲ್ಲ ಅಂದ್ರೆ ಅಕ್ಕನೇ ಈಜಿ ಬರ್ತಾಳಂತೆ ಅಂತ ಹೇಳಿ.”

“ನಿಮ್ಗೆ ಈಜು ಬರ್ತದ್ಯಾ ಅಮ್ಮ?”

“ಇಲ್ಲ. ಅವಳಿಗೂ ಗೊತ್ತು. ಅದಕ್ಕೇ ಹೆದರ್ತಾಳೆ.”

ಮೂರು ಗಂಟೆಗೆ ಎರಡನೇ ದೋಣಿಯ ಹೆಸರು ಓದಿದರು. ಅವಳದು ಕಡೆಯದು. ಅಲ್ಲಿಯ ತನಕ ನಾನು ಕೋಣೆಯ ಬಾಗಿಲಲ್ಲೇ ಕೂತಿದ್ದೆ. ಅವಳನ್ನು ದೋಣಿಯಿಂದ ನೇರ ಆಸ್ಪತ್ರೆಗೆ ಒಯ್ದರು, ಎರಡು ದಿನ ಇಟ್ಟುಕೊಂಡರು. ಇನ್ನೊಂದು ರಾತ್ರಿ ಅಲ್ಲೇ ಇದ್ದಿದ್ದರೆ ಕಷ್ಟವಿತ್ತು ಎಂದು ಡಾಕ್ಟರಮ್ಮ ಹೇಳಿದರು. ತಂಗಿ ಕೇಳಿದ್ದು ಕೋಳಿಗೆ ಯಾರು ಕಾಳು ಹಾಕುತ್ತಾರೆ ಎಂದು.

ನೀರು ಇಳಿದ ಮೇಲೆ ಸಂಘದವರು ನಮ್ಮ ಜಗಲಿಯಲ್ಲಿ ಸೇರಿದರು. ಫ್ಯಾನ್ ಕೂರಿಸಿದವನು ಸಂಘದ ಎಲೆಕ್ಟ್ರಿಷಿಯನ್. ಪೆಟ್ಟಿಗೆ ಕಾದು ನಿಂತದ್ದಕ್ಕೆ ಎಲ್ಲರೂ ಅವನ ಮೇಲೆ ಬಿದ್ದರು. ನೀನು ಅಗ್ಗದ ಫ್ಯಾನ್ ಹಾಕಿದ್ದಿ, ಹೊತ್ತಿಗೆ ಕೈಕೊಟ್ಟಿತು ಎಂದರು. ಅಂವ ತಲೆ ತಗ್ಗಿಸಿ ಚಹಾ ಕುಡಿಯುತ್ತಿದ್ದ. ನಾನು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನನಗೆ ಸಾಕಾಗಿತ್ತು, ಇನ್ನೊಂದು ಮಾತು ಬೇಡವಿತ್ತು. ಆದರೂ ಒಳಗೆ ಹೋಗಿ, ಗುಡ್ಡ ಇಳಿಯುವಾಗ ಹೊತ್ತುಕೊಂಡು ಬಂದಿದ್ದ ಆ ತಾಡಪಾಲು ತಂದು ಅವರ ಮುಂದೆ ಹಾಕಿದೆ.

“ಇದನ್ನ ಹೊದಿಸಿ ಕಟ್ಟಿದ್ದು ನಾನು. ಅವನ ಫ್ಯಾನಿಗೆ ಎಂತ ಆಗ್ಲಿಲ್ಲ.”

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಎಲೆಕ್ಟ್ರಿಷಿಯನ್ ತಲೆ ಎತ್ತಿದ.

“ಮೂರು ದಿನದಿಂದ ಬೈಸ್ಕಂಡೆ ಮಾರಾಯ್ತಿ! ಮೊದಲೇ ಹೇಳೂಕೆ ಎಂತ ಆಗಿತ್ತು?”

“ನಿನ್ನ ಬೈತ್ರು ಅಂತ ನಂಗೆ ಇವತ್ತೇ ತಿಳ್ದದ್ದು. ತಪ್ಪಾತು. ಇಕೋ ಕೀಲಿಕೈ, ಯಾರಿಗೆ ಬೇಕೋ ತಕಳಿ.”

ಯಾರೂ ಕೈ ಚಾಚಲಿಲ್ಲ. ಕುಮಟಾದವರಿಗೆ ದೂರ, ಭಟ್ಕಳದವರಿಗೆ ಇನ್ನೂ ದೂರ. ಅಧ್ಯಕ್ಷರಿಗೆ ನನಗಿಂತ ಕೆಟ್ಟ ಮಂಡಿ. ಕಡೆಗೆ ಎಲೆಕ್ಟ್ರಿಷಿಯನ್ನೇ ತೆಗೆದುಕೊಂಡು ಜೇಬಿಗೆ ಹಾಕಿದ. ತಿಂಗಳಿಗೊಮ್ಮೆ ಬಂದು ಹತ್ತುತ್ತಾನೆ. ಮೇಲೆ ಹೋಗುವ ಮುಂಚೆ ಚಹಾ, ಇಳಿದ ಮೇಲೆ ಮತ್ತೊಂದು.

ಸೆಟ್ ಮಾತ್ರ ನನ್ನ ಹತ್ತಿರವೇ ಉಳಿದಿದೆ. ಅಧ್ಯಕ್ಷರು ಗುಂಡಿಗೆ ಹೊಸ ಟೇಪ್ ಸುತ್ತಿದ್ದಾರೆ. ಈ ಸಲದ್ದು ತೆಳ್ಳಗಿದೆ, ಕೀಳಲು ಉಗುರು ಬೇಕಾಗುವುದಿಲ್ಲ.