ಬಾರದ ಮಳೆಗೆ ನಿಂತುಹೋದ ಬೆಳದಿಂಗಳೂಟ

ಸ್ನೇಹಿತರೇ, ಇವತ್ತು ನಮ್ಮ ಆರ್.ಟಿ. ನಗರದ ಬೀದಿಯವರೆಲ್ಲ ತಾರಸಿಯ ಮೇಲೆ ಬೆಳದಿಂಗಳೂಟ ಮಾಡಬೇಕಿತ್ತು. ಪಕ್ಕದ ಮನೆಯ ಸರೋಜಮ್ಮ ಟೀಚರಿಗೆ ರಾಯಚೂರಿಗೆ ವರ್ಗವಾಗಿದೆ. ಅವರಿಗೇ ಈ ಬೀಳ್ಕೊಡುಗೆ.

ಮಧ್ಯಾಹ್ನ ರೇಡಿಯೋದಲ್ಲಿ ಸಂಜೆ ಗುಡುಗು ಮಳೆ ಎಂದರು. ತಾರಸಿ ಹತ್ತಿ ನೋಡಿದೆ. ಹೆಬ್ಬಾಳ ಕೆರೆಯಾಚೆ ಮೋಡ ಹೂಕೋಸಿನ ಹಾಗೆ ಉಬ್ಬಿ, ನೆತ್ತಿ ಚಪ್ಪಟೆಯಾಗಿ ಹರಡಿತ್ತು. ಗುಡುಗಿನ ಮೋಡವೇ, ಅನುಮಾನವಿಲ್ಲ.

“ಅದು ಯಲಹಂಕದ ಮೇಲಿದೆ ಕಣ್ರೀ, ಇಲ್ಲಿಗೆ ಬರಲ್ಲ,” ಎಂದರು ಸರೋಜಮ್ಮ.

“ರೇಡಿಯೋದವರೇ ಹೇಳಿದ್ದಾರಲ್ಲ ಟೀಚರ್! ಕರೆಂಟ್ ಹೋದ್ರೆ ಮಕ್ಳನ್ನ ಕಟ್ಕೊಂಡು ಏನ್ಮಾಡೋದು?” ಎಂದು ನಾನೇ ಮನೆಮನೆಗೂ ಹೋಗಿ ಊಟ ರದ್ದು ಎಂದು ಹೇಳಿ ಬಂದೆ.

ಮಳೆ ಯಲಹಂಕದಲ್ಲೇ ಸುರಿದು ಮುಗಿಯಿತಂತೆ. ಇಲ್ಲಿ ಒಂದು ಹನಿಯೂ ಇಲ್ಲ. ತಾರಸಿಯ ಮೇಲೆ ಪೇಪರ್ ಓದುವಷ್ಟು ಬೆಳದಿಂಗಳಿದೆ. ಮನೆಗೊಂದು ಅಡುಗೆ ಎಂದು ಹಂಚಿಕೊಂಡು ಬೀದಿಗೆಲ್ಲ ಆಗುವಷ್ಟು ಮಾಡಿಟ್ಟಿದ್ದನ್ನು ಎದುರುಮನೆಯವರು ಬರೀ ಪುಳಿಯೋಗರೆ, ನಾವು ಬರೀ ಕೋಸಂಬರಿ ಎಂಬಂತೆ ನಮ್ಮನಮ್ಮ ಅಡುಗೆಮನೆಯಲ್ಲೇ ತಿನ್ನುತ್ತಿದ್ದೇವೆ. ಪಾತ್ರೆಯನ್ನೆಲ್ಲ ಕಟ್ಟಿಟ್ಟಿರುವ ಸರೋಜಮ್ಮ ಏನು ಉಂಡರೋ, ಹೋಗಿ ಕೇಳಲು ನನಗೆ ಮುಖವಿಲ್ಲ.

ನಾಳೆ ಒಣಹವೆ ಎಂದು ಈಗಷ್ಟೇ ರೇಡಿಯೋದಲ್ಲಿ ಹೇಳಿದರು. ಬೆಳಿಗ್ಗೆಯೇ ಸರೋಜಮ್ಮನವರ ಲಾರಿ ಬರುತ್ತದೆ. ಸದ್ಯ, ಸಾಮಾನು ನೆನೆಯುವುದಿಲ್ಲ.