ಡ್ರೈವರ್ ಜಯಪ್ಪನ ಕ್ಲೀನರ್ ಉಸ್ತಾದ್ ಆಗಿದ್ದು

ಅಲ್ಲ ಕೂಸೇ, ಬೆಲ್ಲ ಕುಟ್ಟು ಅಂದ್ರೆ ಬಾಯಿಗೇ ಹಾಕ್ಕೊಳ್ತಾ ಕೂತ್ಯಲ್ಲ, ನಾ ಹೇಳಿದ್ದು ಎಲ್ಲಿವರೆಗೆ ಕೇಳಿಸ್ಕೊಂಡೆ? ಜಯಪ್ಪ ಯಾಕೆ ಗರಡಿ ಮುಂದೆ ಹೋಗುವಾಗ ಮುಖ ಆ ಕಡೆ ತಿರುಗಿಸ್ತಾನೆ ಅಂತ ನೀನೇ ಕೇಳಿದ್ದು. ಹಾಗಾದ್ರೆ ಸರಿಯಾಗಿ ಕೇಳು.

ಆಗ ಲಿಂಗನಮಕ್ಕಿ ಅಣೆಕಟ್ಟು ಇನ್ನೂ ಕಟ್ತಾ ಇದ್ರು. ನಮ್ಮ ಹೊಸನಗರದಿಂದ ಬೆಳಿಗ್ಗೆ ಒಂದು ಬಸ್ಸು ಹುಲಿಕಲ್ ಘಾಟಿ ಇಳಿದು ಹೋಗಿ ಸಂಜೆ ಹತ್ತಿ ಬರ್ತಿತ್ತು. ಹಳೇ ಬಸ್ಸು, ಮುಂದೆ ಮೂತಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿದ್ರೇ ಏಳೋದು. ಜಯಪ್ಪ ಅದರ ಡ್ರೈವರ್. ಅಯ್ಯೋ, ಆಗಿನ ಕಾಲದ ಡ್ರೈವರ್ ಅಂದ್ರೆ ಅಮಲ್ದಾರನೇ! ಸ್ಟ್ಯಾಂಡಿನ ಹೋಟ್ಲಲ್ಲಿ ಯಾರು ಕೂತಿರ್ಲಿ ಬಿಡ್ಲಿ, ಮೊದಲ ಕಾಫಿ ಜಯಪ್ಪನಿಗೆ. ನನ್ನ ತಮ್ಮನೂ ಒಂದ್ಸಲ ಡ್ರೈವರ್ ಆಗ್ತೀನಿ ಅಂತ ಹೊರಟಿದ್ದ, ಅವನಿಗೆ ತಿರುವಿನಲ್ಲಿ ವಾಂತಿ ಬರ್ತಿತ್ತು... ಅದಿರ್ಲಿ.

ಕ್ಲೀನರ್ ಜಟ್ಟಿಂಗಪ್ಪ. ಚಿಕ್ಕವನಿದ್ದಾಗ ಸಾಗರದ ಗರಡೀಲಿ ಮಣ್ಣು ಮೆತ್ಕೊಂಡು ಬೆಳೆದವ. ಹ್ಯಾಂಡಲ್ ತಿರುಗಿಸೋದು, ಟಾಪಿಗೆ ಮೂಟೆ ಎಸೆಯೋದು, ಘಾಟೀಲಿ ಮರದ ಕೊರಡು ಹೆಗಲ ಮೇಲಿಟ್ಕೊಂಡು ಹಿಂದೆ ನೇತಾಡೋದು. ಬಸ್ಸು ಹಿಂದಕ್ಕೆ ಜಾರಿದ್ರೆ ಹಾರಿ ಚಕ್ರಕ್ಕೆ ಕೊರಡು ಕೊಡ್ಬೇಕು. ಅದೆಲ್ಲಾ ಕಲಿಸಿದ್ದು ಜಯಪ್ಪನೇ, ತಲೆ ಮೇಲೆ ಮೊಟಕಿ ಮೊಟಕಿ. "ಹೆಬ್ಬೆಟ್ಟು ಸುತ್ತಬೇಡ್ವೋ! ಬೆರಳಿನ ಕಡೆಗೇ ಇಡು! ಇಂಜಿನ್ ಹಿಂದಕ್ಕೆ ಒದ್ರೆ ಕೈ ಮುರಿಯುತ್ತೆ!"

ಒಂದಿನ ಘಾಟಿ ಹತ್ತುವಾಗ ಬಸ್ಸು ಜಾರಿತು ನೋಡು. ಜಯಪ್ಪ ಬ್ರೇಕಿನ ಮೇಲೆ ನಿಂತೇಬಿಟ್ಟಿದ್ದ, ಆದ್ರೂ ಹಿಂದಕ್ಕೇ ಹೋಗ್ತಿದೆ. ಜಟ್ಟಿಂಗಪ್ಪ ಹಾರಿ, ಕೊರಡು ಕೊಟ್ಟು, ಅದು ಕಚ್ಚೋವರೆಗೆ ಬೆನ್ನು ಕೊಟ್ಟು ನಿಂತ. ಜನ ಇಳಿದವರು ಎಲ್ಲಾ ಅವನ ಸುತ್ತ. ಬ್ರೇಕು ತುಳಿದವನನ್ನ ಒಬ್ರೂ ಮಾತಾಡಿಸ್ಲಿಲ್ಲ. ಜಯಪ್ಪನ ಹೊಟ್ಟೆಯೊಳಗೆ ಮೊದಲ ಕೆಂಡ ಬಿದ್ದಿದ್ದು ಅಲ್ಲೇ.

ಆ ಬಸ್ಸಲ್ಲಿ ಶಂಕರನಾರಾಯಣ ಮೇಷ್ಟ್ರಿದ್ರು, ಊರಿನ ವ್ಯಾಯಾಮಶಾಲೆ, ಅದೇ ನೀ ಕೇಳಿದ ಗರಡಿ, ನೋಡ್ಕೊಳ್ತಿದ್ದವರು. ಅಲ್ಲಿ ಕಲಿಸ್ತಿದ್ದ ಹಳೇ ಉಸ್ತಾದ್ ಬಿಟ್ಟುಹೋಗಿದ್ದ. "ಹುಡುಗರಿಗೆ ಸಾಮು ಕಲಿಸ್ತೀಯೇನೋ?" ಅಂದ್ರು. ಜಟ್ಟಿಂಗಪ್ಪ ಹೂಂ ಅಂದ, ಬಸ್ಸಿನ ಕೆಲಸ ಬಿಟ್ಟ.

ಅಲ್ಲಿಂದ ಜಯಪ್ಪನಿಗೆ ಊಟ ಸೇರ್ಲಿಲ್ಲ. ನಿನ್ನೆವರೆಗೂ "ಲೋ" ಅಂತ ಕರೀತಿದ್ದವನನ್ನ ಊರು "ಉಸ್ತಾದ್ರೇ" ಅನ್ನುತ್ತೆ. ಒಂದ್ ಬೆಳಿಗ್ಗೆ ಹೋಟ್ಲಿಗೆ ಬಂದ್ರೆ ಮೊದಲ ಕಾಫಿ ಜಟ್ಟಿಂಗಪ್ಪನ ಮುಂದೆ ಹೊಗೆಯಾಡ್ತಿದೆ! ಮನೆಗೆ ಬಂದ್ರೆ ಹೆಂಡ್ತಿ ಯಮುನಮ್ಮ, "ಜಟ್ಟಿಂಗಪ್ಪನ್ನ ನೋಡಿ, ಹೊಟ್ಟೆ ಹಲಗೆ ಇದ್ದ ಹಾಗಿದೆ. ನಿಮ್ಮದು ಸ್ಟೇರಿಂಗಿಗೆ ತಾಗುತ್ತೆ" ಅಂತಾಳೆ. ಅವಳ ಬಾಯಿಗೂ ಬೀಗ ಇಲ್ಲ.

ಮಾಘದ ಚಳಿಯಲ್ಲಿ ಒಂದಿನ ಜಯಪ್ಪ ಬಸ್ಸನ್ನ ತಂದು ವ್ಯಾಯಾಮಶಾಲೆ ಎದುರೇ ಇಂಜಿನ್ ಆರಿಸಿ ನಿಲ್ಲಿಸಿದ. "ಈ ತೋಳು ಯಾರು ಮಾಡಿದ್ದು ಅಂತ ನಿಮ್ಮ ಉಸ್ತಾದನ್ನ ಕೇಳ್ರೋ! ನನ್ನ ಬಸ್ಸಿನ ಹ್ಯಾಂಡಲ್ಲು! ಒಂದೇ ಸುತ್ತಿಗೆ ಎಬ್ಬಿಸ್ತೀನಿ, ಆಮೇಲೆ ಅವನು ಎಬ್ಬಿಸ್ಲಿ!" ಹುಡುಗ್ರು ಸುತ್ತ ಸೇರಿದ್ರು. ಜಯಪ್ಪ ಬಗ್ಗಿ ಹಿಡಿದ.

"ಅಣ್ಣಾ, ಹೆಬ್ಬೆಟ್ಟು!" ಅಂತ ಜಟ್ಟಿಂಗಪ್ಪ ಕೂಗಿದ.

ನಾನು ಕಲಿಸಿದ ಪಾಠ ನನಗೇ ಹೇಳ್ತಾನಾ ಅಂತ ಜಯಪ್ಪ ರೋಷಕ್ಕೆ ಹೆಬ್ಬೆಟ್ಟನ್ನ ಇನ್ನೂ ಬಿಗಿಯಾಗಿ ಸುತ್ತಿ ತಿರುಗಿಸಿದ. ಇಂಜಿನ್ ಒದೀತು. ಮಣಿಕಟ್ಟು ಲಟಕ್ ಅಂತು.

ಬಿದಿರು ದಬ್ಬೆ ಕಟ್ಟಿದ್ರು. ಬಿಚ್ಚಿದಾಗ ಮೂಳೆ ಕೂಡಿತ್ತು, ಶಕ್ತಿ ಇರ್ಲಿಲ್ಲ. ತಂಬಿಗೆ ಎತ್ತಿದ್ರೂ ನಡುಗೋದು, ಇನ್ನು ಘಾಟಿ ತಿರುವಿಗೆ ಸ್ಟೇರಿಂಗ್ ಎಲ್ಲಿ ಎಳೀತಾನೆ? ಬಸ್ಸಿನ ಯಜಮಾನರು ತೀರ್ಥಹಳ್ಳಿಯಿಂದ ತಿಮ್ಮಣ್ಣ ಅನ್ನೋ ಬದಲಿ ಡ್ರೈವರನ್ನ ಕರೆಸಿದ್ರು. "ಯುಗಾದಿಯೊಳಗೆ ಕೈ ಸರಿ ಆಗ್ದಿದ್ರೆ ಬಸ್ಸು ತಿಮ್ಮಣ್ಣಂದೇ" ಅಂದ್ರು.

ಯಮುನಮ್ಮ ಅಂದ್ಳು, "ಗರಡಿಯವ್ರಿಗೆ ಕೈ ಕಾಲು ನೀವೋದು ಗೊತ್ತಿರುತ್ತೆ. ಹೋಗ್ರೀ."

"ಅವನ ಹೊಸ್ಲು ತುಳಿಯೋದಕ್ಕಿಂತ ಕೈ ಹೋದ್ರೂ ಚಿಂತಿಲ್ಲ."

ಆದ್ರೆ ತಿಮ್ಮಣ್ಣ ಜಯಪ್ಪನ ಸೀಟಿನಲ್ಲಿ ಕೂತು ಹಾರ್ನ್ ಹೊಡೆದಿದ್ದು ಕಿವಿಗೆ ಬಿತ್ತಲ್ಲ, ಅವತ್ತೇ ಸಂಜೆ ಇವನು ಗರಡಿಗೆ ಹೊರಟ. ಸುಮ್ನೆ ಹೋಗ್ಲಿಕ್ಕೆ ಮಾನ ಅಡ್ಡ. ಬಸ್ಸಲ್ಲಿದ್ದ ಜಟ್ಟಿಂಗಪ್ಪನ ಹಳೇ ಕೊರಡನ್ನ ಎಡಗೈಲಿ ಹಿಡ್ಕೊಂಡು ಹೋದ.

"ನಿನ್ನ ಕೊರಡು ನನ್ನ ಬಸ್ಸಲ್ಲಿ ಯಾಕೆ? ತಗೋ."

ಜಟ್ಟಿಂಗಪ್ಪ ಕೈ ಚಾಚಿದ. ತಗೊಳ್ಳಲಿಲ್ಲ. "ಬಲಗೈಲಿ ಕೊಡಣ್ಣ."

ಜಯಪ್ಪ ಬಲಗೈಗೆ ಬದಲಾಯಿಸಿದ. ಕೊರಡು ಧಡ್ ಅಂತ ಬಿತ್ತು. "ಹ್ಞೂಂ, ನಗು, ನಗು" ಅಂದ ಜಯಪ್ಪ. ಜಟ್ಟಿಂಗಪ್ಪ ನಗ್ಲಿಲ್ಲ. ಎಳ್ಳೆಣ್ಣೆ ಬಿಸಿ ಮಾಡ್ಲಿಕ್ಕೆ ಹೋದ.

ದಿನಾ ಸಂಜೆ ನೀವೋದು, ಆಮೇಲೆ ಸಣ್ಣ ಮಕ್ಕಳು ತಿರುಗಿಸೋ ಮರದ ಗದೆ ಕೈಗೆ ಕೊಡೋದು. ಹುಡುಗ್ರ ಸಾಲಿನ ತುದಿಯಲ್ಲಿ ಡ್ರೈವರ್ ಜಯಪ್ಪ! "ಹೆಬ್ಬೆಟ್ಟು ಎಲ್ಲಿಡ್ಬೇಕಣ್ಣ?" ಅಂತ ಜಟ್ಟಿಂಗಪ್ಪ ಒಂದ್ಸಲ ಕೆಣಕಿದ್ದಕ್ಕೆ ಜಯಪ್ಪ ಗದೆ ಎತ್ತಿ ಬೀಸಿದನಂತೆ. ಜಟ್ಟಿಂಗಪ್ಪ ತಪ್ಪಿಸ್ಕೊಂಡು, "ಭೇಷ್! ಇವತ್ತು ಕೈ ಮೇಲೆ ಬಂತು!" ಅಂದ.

ಯುಗಾದಿ ಹಿಂದಿನ ದಿನ ಜಯಪ್ಪ ಯಜಮಾನರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಘಾಟಿ ಇಳಿಸಿ ಹತ್ತಿಸಿದ. ಸೀಟು ಉಳೀತು. ಹೊಟ್ಟೆಯ ಕೆಂಡ ಆರಿತಾ? ಎಲ್ಲಿ ಆರುತ್ತೆ! ಮಾರನೇ ಬೆಳಿಗ್ಗೆ ಹೋಟ್ಲಲ್ಲಿ ಕಾಫಿ ಮತ್ತೆ ಜಟ್ಟಿಂಗಪ್ಪನ ಕಡೆಗೇ ಹೊರಟಿತ್ತು. "ಏಯ್, ಇಲ್ಲಿ ತಾ! ಅವನಿಗೆ ಕಲಿಸಿದವ ನಾನು!" ಅಂದ ಜಯಪ್ಪ. ಜಟ್ಟಿಂಗಪ್ಪ ಲೋಟ ತಾನೇ ತಳ್ಳಿದ, "ಕೊಡು ಮಾರಾಯ, ಇಲ್ದಿದ್ರೆ ಬಸ್ಸೇ ಹೊರಡಲ್ಲ." ಅದೂ ಜಯಪ್ಪನಿಗೆ ಉರೀತು, ಕೊಟ್ಟಿದ್ದಕ್ಕೇ ಉರೀತು. ಆದ್ರೂ ಕುಡಿದ.

ಸಾಕು, ಬೆಲ್ಲ ಮುಚ್ಚಿಡು. ಗಾಣದ ಎಳ್ಳೆಣ್ಣೆ ಎರಡು ಬಾಟ್ಲಿ ತುಂಬಿಸಿಟ್ಟಿದೀನಿ, ಕತ್ತಲಾಗೋದ್ರೊಳಗೆ ಇಬ್ರ ಮನೆಗೂ ಕೊಟ್ಟು ಬಾ. ಮೊದಲು ಜಯಪ್ಪನಿಗೆ, ಕೂಸೇ. ಜಟ್ಟಿಂಗಪ್ಪನ ಬಾಟ್ಲಿ ಅವನಿಗೆ ಕಾಣದ ಹಾಗೆ ಲಂಗದ ಮರೆಯಲ್ಲಿ ಮುಚ್ಚಿಟ್ಕೋ.