ಗಟ್ಟಿಯಾಗಿ ಹೇಳಿದ ರೇಟು

ಒಂದು ಕಟ್ಟು ಕೊತ್ತಂಬರಿಗಾಗಿ ಸಂತೆಯಲ್ಲಿ ಅರ್ಧ ಗಂಟೆ ಚೌಕಾಸಿ ಮಾಡುವ ನಾನು, ಬಂಗಾರದಂಗಡಿಯ ಮೆಟ್ಟಿಲು ಹತ್ತಿದೊಡನೆ ಬಾಯಿ ಸತ್ತವನಾಗುತ್ತೇನೆ. ತಣ್ಣನೆಯ ಗಾಳಿ, ಮೆತ್ತನೆಯ ಕುರ್ಚಿ, ಕೇಳದೆಯೇ ಬರುವ ಚಹಾ. ಇಷ್ಟು ಮರ್ಯಾದೆ ಮಾಡಿದವರನ್ನು ಅದು ಯಾಕೆ, ಇದು ಯಾಕೆ ಎಂದು ಕೇಳುವುದಾದರೂ ಹೇಗೆ ಹೇಳಿ? ಮೂವತ್ತು ವರ್ಷ ಮಕ್ಕಳಿಗೆ ಶೇಕಡಾ ಲೆಕ್ಕ ಕಲಿಸಿದ ಮಾಸ್ತರನ ಪಾಡು ಇದು.

ಅಂಥ ನನ್ನನ್ನೇ ನಂಬಿಕೊಂಡು ಕಳೆದ ಚಳಿಗಾಲದಲ್ಲಿ ಕಮಲಕ್ಕ ಜಹೀರಾಬಾದಿಗೆ ಹೊರಟಳು. ನನ್ನ ಒಡಹುಟ್ಟಿದ ಅಕ್ಕ. ಝರಾಸಂಗಂನಲ್ಲಿ ಬಟ್ಟೆ ಹೊಲಿಯುತ್ತಾಳೆ. ಎರಡು ವರ್ಷದಿಂದ ಅವಳ ಕಿವಿ ಮಂದವಾಗಿತ್ತು. ತೋಳು ಉದ್ದ ಇಡಿ ಎಂದವರಿಗೆ ಗಿಡ್ಡ ಇಟ್ಟುಕೊಡುತ್ತಿದ್ದಳು; ಗಿರಾಕಿಗಳು ಒಬ್ಬೊಬ್ಬರೇ ಬೇರೆ ಕಡೆ ಹೋಗತೊಡಗಿದ್ದರು. ಕಿವಿಗೆ ಮಷಿನ್ ಹಾಕಿಸಲೆಂದು, ಹೊಲಿಗೆಯ ದುಡಿಮೆಯಲ್ಲೇ ಕೊಂಡಿಟ್ಟಿದ್ದ ಎರಡು ಬಂಗಾರದ ನಾಣ್ಯ ಮತ್ತು ಒಂದು ಪುಟ್ಟ ಬಿಸ್ಕತ್ತನ್ನು ಮಾರಲು ಹೊರಗೆ ತೆಗೆದಳು. ಮೂರೂ ಪ್ಯಾಕು ಒಡೆಯದೆ ಹಾಗೇ ಇದ್ದವು, ರಸೀದಿ ಸಮೇತ.

ಅಲ್ಲಿನ ಬಂಗಾರದಂಗಡಿಯ ಮಾಲೀಕರು ಅವನ್ನು ತಿರುವಿ ನೋಡಿ, ನನ್ನ ಕಡೆ ಬಾಗಿ, ಮನೆಯ ಗುಟ್ಟು ಹೇಳುವಂತೆ ಪಿಸುಗುಟ್ಟಿದರು: "ಇಪ್ಪತ್ತೆರಡು ಕ್ಯಾರೆಟ್ಟಿನ ರೇಟ್ ಹಿಡಿತೀನ್ರಿ ಸರ್. ಕರಗಿಸಿದ್ರ ತೂಕ ಹೋಗ್ತದ, ಅದೂ ಒಂದಿಷ್ಟು ಕಡಿತೀನಿ."

ನಾಣ್ಯದ ಮೇಲೆ ಇಪ್ಪತ್ತನಾಲ್ಕು ಎಂದು ಅಚ್ಚಾಗಿತ್ತು. ನಾನೋ ಚಹಾದ ಕಪ್ಪನ್ನು ನೋಡುತ್ತ ತಲೆಯಾಡಿಸಿಬಿಟ್ಟೆ.

ಅಕ್ಕ ಬಿಡಬೇಕಲ್ಲ! "ಏನಂದ್ರೋ?" ಎಂದಳು. ಮೆಲ್ಲಗೆ ಹೇಳಿದೆ. "ಕೇಳವಲ್ದು, ಜೋರ್ ಹೇಳು."

ಕಡೆಗೆ ಹಿಂದಿನ ಬೆಂಚಿನವರಿಗೂ ಮುಟ್ಟುವ ನನ್ನ ಹಳೆಯ ದನಿ ತೆಗೆದೆ: "ಅಕ್ಕಾ, ಇಪ್ಪತ್ನಾಕರ ಬಂಗಾರಕ್ಕ ಇಪ್ಪತ್ತೆರಡರ ರೇಟ್ ಕೊಡ್ತಾರಂತ!"

ಕನ್ನಡಿಯ ಮುಂದೆ ಓಲೆ ಇಟ್ಟು ನೋಡುತ್ತಿದ್ದ ಹೆಂಗಸೊಬ್ಬಳು ಓಲೆಯನ್ನು ಕೆಳಗಿಟ್ಟು ಕೇಳಿದಳು: "ಹಂಗ್ಯಾಕ್ರಿ? ನಾವು ಇಂಥ ನಾಣ್ಯ ತಗೊಳ್ಳಾಕ ಬಂದಾಗ ಇಪ್ಪತ್ನಾಕರ ರೇಟೇ ಹಚ್ತೀರಲ್ಲ?"

ಮಾಲೀಕರ ಮುಖ ಕೆಂಪಾಯಿತು. "ತಪ್ಪು ತಿಳಕೋಬ್ಯಾಡ್ರಿ, ಮಷಿನ್‌ನ್ಯಾಗ ಹಾಕಿ ನೋಡೋಣ್ರಿ" ಎಂದರು. ಬಂಗಾರ ಪರೀಕ್ಷಿಸುವ ಆ ಮಷಿನ್ ಇಪ್ಪತ್ತನಾಲ್ಕರ ಚೊಕ್ಕ ಬಂಗಾರ ಎಂದಿತು. ತಕ್ಕಡಿಯನ್ನು ನಮ್ಮ ಕಡೆ ತಿರುಗಿಸಿ ತೂಗಿದರು. ಗೋಡೆಯ ಮೇಲಿನ ಆ ದಿನದ ರೇಟನ್ನೇ ಹಿಡಿದರು. ಪ್ರತಿಯೊಂದನ್ನೂ ನಾನು ಹಾಜರಿ ಕೂಗುವಂತೆ ಅಕ್ಕನಿಗೆ ಕೂಗಿ ಹೇಳಿದೆ. ಕೊನೆಯಲ್ಲಿ ಅಂಗಡಿಯ ಪಾಲೆಂದು ಚೂರು ಹಣ ಮುರಿದುಕೊಂಡಾಗ ನಾನು ಹೊಸ ಹುರುಪಿನಲ್ಲಿ ಬಾಯಿ ತೆರೆದೆ. ಅಕ್ಕ ನನ್ನ ಮೊಣಕೈ ಹಿಡಿದಳು: "ಇರಲಿ ಬಿಡೋ. ಅವರೂ ಅಂಗಡಿ ನಡಸ್ಬೇಕಲ್ಲ?"

ನಾಲ್ಕು ಜನರ ಮುಂದೆ ಗಟ್ಟಿಯಾಗಿ ಹೇಳಲು ಬರುವ ಬೆಲೆಯೇ ನ್ಯಾಯದ ಬೆಲೆ ಎಂದು ಈ ವಯಸ್ಸಿನಲ್ಲಿ ನನಗೆ ಹೊಳೆಯಿತು. ಯಾವ ಗಣಿತದ ಪುಸ್ತಕದಲ್ಲೂ ಈ ಸೂತ್ರ ನಾನು ಕಂಡಿರಲಿಲ್ಲ.

ಆ ವಾರವೇ ಅಕ್ಕನ ಕಿವಿಗೆ ಮಷಿನ್ ಬಂತು. ಅದನ್ನು ಹಾಕಿಸಿ ವಾಪಸು ಬರುವಾಗ ಬಸ್ಸಿನಲ್ಲಿ ನಾನು ರೂಢಿಯಂತೆ ಕೂಗಿದೆ. "ಒದರಬ್ಯಾಡೋ, ಕೇಳ್ತದ" ಎಂದಳು. ಆಮೇಲೆ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತ, "ಎರಡು ವರ್ಷ ನೀ ಒದರೂದು ನೋಡಿ, ನನ್ನ ಮ್ಯಾಲ ಸಿಟ್ಟಿನಾಗ ಇದ್ದಿ ಅಂತ ತಿಳಕೊಂಡಿದ್ದೆ ನೋಡು" ಎಂದಳು.

"ಇಲ್ಲಕ್ಕಾ" ಎಂದೆ, ಬಲು ಮೆಲ್ಲಗೆ.

ಅವಳಿಗೆ ಕೇಳಿಸಿತು.